ತಂಗಿಯ ಚಿತ್ರ ಬರೆಯುವ ಅಕ್ಕ

ಪಕ್ಕದ ಖೋಲಿಯ ಅಕ್ಕನ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಊಟ ಮಾಡುವಾಗಲೂ ಅದು ಯಾರಿಗೋ ದಾರಿ ತೋರಿಸುವಂತೆ ನೆಟ್ಟಗೆ ನಿಂತಿರುತ್ತಿತ್ತು. ಮೊದಲ ಸಲ ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಆಕೆ ಫೋನ್ ಎತ್ತಿ ತೋರಿಸಿ, "ಮಡಚೂದಿಲ್ಲ ಬೇ. ಇದರಾಗ ಚಿತ್ರ ತೆಗಿಯಾಕ ಚಲೋ ಆಗ್ಯದ" ಎಂದು ನಕ್ಕಳು.

ರಾಯಚೂರಿನಲ್ಲಿ ನಾವಿಬ್ಬರೂ ಒಂದೇ ಅಂಗಳದ ಬಾಡಿಗೆ ಖೋಲಿಗಳಲ್ಲಿದ್ದೆವು. ಆಕೆ ಖಾಸಗಿ ಶಾಲೆಯಲ್ಲಿ ಟೀಚರ್, ನಾನು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಆಕೆಯ ಊರು ದೇವದುರ್ಗದ ಕಡೆಯ ಮಸರಕಲ್. ಓದುವ ಕಾಲದಲ್ಲಿ ರಜೆ ಬಂದರೆ ತಂಗಿಯ ಜೊತೆ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಒಮ್ಮೆ ಮಲ್ಲಟದ ಕಡೆಯಿಂದ ಕೂಲಿ ಮುಗಿಸಿ ಬರುವಾಗ ಅವರು ಕೂತಿದ್ದ ಗೂಡ್ಸ್ ಟೆಂಪೊ ಉರುಳಿತು. ಅಕ್ಕನ ಬೆರಳು ಮುರಿಯಿತು. ತಂಗಿ ಅಲ್ಲೇ ಹೋದಳು.

ಆ ತಂಗಿಯೇ ಅಕ್ಕನ ಚಿತ್ರಕಥೆಗಳ ನಾಯಕಿ. ಭಾನುವಾರ ಬಂತೆಂದರೆ ಅಕ್ಕ ಫೋನಿನಲ್ಲೇ ನಾಲ್ಕು ಚೌಕಗಳ ಒಂದು ಕಥೆ ಬರೆದು ಆನ್‌ಲೈನ್‌ನಲ್ಲಿ ಹಾಕುವಳು. ಎರಡು ಜಡೆಯ, ಅಪ್ಪನ ತುಂಬುತೋಳಿನ ಅಂಗಿ ತೊಟ್ಟ ತಂಗಿ, ತೂಕ ಹೆಚ್ಚಾಗಲೆಂದು ತಾನೇ ಹತ್ತಿ ಚೀಲದೊಳಗೆ ಇಳಿದು ಕೂರುತ್ತಾಳೆ. ತಕ್ಕಡಿಯ ಮುಂದೆ ಹೊಲದ ಮಾಲೀಕ ಗಾಬರಿಯಾಗುತ್ತಾನೆ: "ಯಾಕಲೇ, ಈ ಹತ್ತಿ ಸೀನಾಕತ್ತದಲ್ಲ!" ಸಿರವಾರ, ಮಾನ್ವಿಯ ಕಡೆಯ ಗುರುತಿಲ್ಲದವರೆಲ್ಲ ನಕ್ಕು ಅದನ್ನು ಹಂಚಿಕೊಂಡರು. ಪ್ರತಿ ಕಥೆಯ ಕೆಳಗೂ ಅಕ್ಕ ಒಂದೇ ಸಾಲು ಬರೆಯುತ್ತಿದ್ದಳು: "ಇಕಿ ನನ್ನ ತಂಗಿ. ಈಗಿಲ್ಲ. ನಗ್ರಿ."

ಊರಲ್ಲಿ ಯಾರೋ ಅದನ್ನು ಆಕೆಯ ಅವ್ವನಿಗೆ ತೋರಿಸಿಬಿಟ್ಟರು. ಮರುದಿನವೇ ಅವ್ವ ಬಸ್ಸು ಹತ್ತಿ ಬಂದು ಖೋಲಿಯ ಬಾಗಿಲಲ್ಲಿ ನಿಂತಳು.

"ಮಣ್ಣಿಗಿ ಹೋದಾಕೀನ ಮಂದಿ ಮುಂದ ಕುಣಸ್ತೀಯೇನ ಬೇ?"

"ಯವ್ವಾ, ಆಕಿ ಹೆಸರು ತಗದ್ರ ಸಾಕು, ಎಲ್ಲಾರೂ ಗಾಡಿ, ರಕ್ತ ಅಂತಾರ. ಆಕಿ ಎಷ್ಟ್ ನಗಸ್ತಿದ್ಲು ಅಂಬೂದು ಯಾರಿಗೂ ನೆನಪಿಲ್ಲ."

ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅಕ್ಕನೇ ಸೀನುವ ಹತ್ತಿಯ ಕಥೆ ಓದಿ ಹೇಳಿದಳು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಹಿಂಗ ಮಾಡಾಕೀನ ಆಕಿ" ಎಂದು ನಗತೊಡಗಿದವಳು ಬಹಳ ಹೊತ್ತು ಅತ್ತಳು. ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದಳು: "ಆಕೀದೊಂದು ಮದಿವಿ ಮಾಡು."

ಮುಂದಿನ ಭಾನುವಾರದ ಚಿತ್ರಕಥೆಯಲ್ಲಿ ಅಕ್ಕ ಮಾಡಿದಳು. ಅಕ್ಷತೆ ಬೀಳುವ ಹೊತ್ತಿಗೆ ಮದುಮಗಳು ಪಂಕ್ತಿಯಲ್ಲಿ ಕೂತು ಇನ್ನೊಂದು ಹೋಳಿಗೆ ಕೇಳುತ್ತಿದ್ದಳು. ಅವ್ವ ಅದನ್ನು ಓಣಿಯವರಿಗೆಲ್ಲ ತೋರಿಸಿದಳಂತೆ. ಆಮೇಲೆ ಅವ್ವನ ಫೋನುಗಳು ಶುರುವಾದವು. "ಗಂಡ ಚಲೋ ನೋಡಿಕೊಳ್ಳಾಕತ್ತಾನೇನ?" "ಏನರ ವಿಶೇಷ ಅದ ಏನ?" ಮೊದಮೊದಲು ನಗುತ್ತ ಉತ್ತರಿಸುತ್ತಿದ್ದ ಅಕ್ಕ, ಬರಬರುತ್ತ ಫೋನ್ ಬಡಿದುಕೊಳ್ಳುವುದನ್ನೇ ನೋಡುತ್ತ ಕೂರುತ್ತಿದ್ದಳು. ಚಿತ್ರಗಳ ಕೆಳಗೆ "ಈಗಿಲ್ಲ" ಎಂಬ ಮಾತು ಬರೆಯುವುದು ಯಾವಾಗಲೋ ನಿಂತುಹೋಗಿತ್ತು.

ಆ ನಡುವೆಯೇ ನನ್ನ ಅಪ್ಪ ತೀರಿಕೊಂಡರು. ನನಗೆ ಅಳುವೇ ಬರಲಿಲ್ಲ. ಮಂದಿಯೆಲ್ಲ ಏನಾಗಿತ್ತು, ಯಾವ ಆಸ್ಪತ್ರೆ ಎಂದು ಕೇಳಿದರು. ಅಕ್ಕ ಮಾತ್ರ, "ನಿಮ್ಮಪ್ಪ ನಿನ್ನ ಭಾಳ ನಗಸಿದ್ದು ಯಾವಾಗ?" ಎಂದಳು. ಅಪ್ಪ ಒಮ್ಮೆ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿ, ಕಂಡಕ್ಟರನನ್ನು "ಟೈಮ್ ಎಷ್ಟ್ರೀ?" ಎಂದು ಕೇಳಿ ಬೈಸಿಕೊಂಡಿದ್ದನ್ನು ಹೇಳಿದೆ. ಹೇಳುತ್ತ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಅಕ್ಕ ಅದನ್ನು ಚಿತ್ರವಾಗಿ ಬರೆದುಕೊಟ್ಟಳು. ನನ್ನ ಅಪ್ಪ ಇವತ್ತಿಗೂ ನನಗೆ ಆಸ್ಪತ್ರೆಯ ಮಂಚದ ಮೇಲೆ ಕಾಣುವುದಿಲ್ಲ, ಆ ಬಸ್ಸಿನ ಮುಂದೆ ಕಾಣುತ್ತಾರೆ. ಅಷ್ಟು ದೊಡ್ಡ ಉಪಕಾರಕ್ಕೆ ಪ್ರತಿಯಾಗಿ ನನ್ನಿಂದ ಆಕೆಗೆ ಏನೂ ಮಾಡಲಾಗಲಿಲ್ಲ.

ಅಕ್ಕ ಈಗ ಮಾನ್ವಿಯ ಶಾಲೆಯೊಂದಕ್ಕೆ ಹೋಗಿದ್ದಾಳೆ. ಮೊನ್ನೆ ನೋಡಲು ಹೋದಾಗ ಕಿಟಕಿಯ ಬೆಳಕಿಗೆ ಫೋನ್ ಹಿಡಿದು ಏನೋ ಬರೆಯುತ್ತ, ಅಳಿಸುತ್ತ ಕೂತಿದ್ದಳು.

"ಆಕಿ ಯಾಕ ಇನ್ನಾ ಹುಡುಗಿ ಹಂಗ ಅದಾಳ, ಒಂದೀಟು ವಯಸ್ಸು ಮಾಡು ಅಂತಾಳ ಅವ್ವ" ಎಂದಳು. "ದೊಡ್ಡಾಕಿ ಆಗಿದ್ರ ಆಕಿ ಮುಖ ಹ್ಯಾಂಗ ಇರ್ತಿತ್ತು ನಂಗ ತಿಳಿವಲ್ದು. ಎಷ್ಟ್ ಸಲ ತೆಗದ್ರೂ ನಾನ ಬರಾಕತ್ತೀನಿ. ನೀನರ ನೋಡಿ ಹೇಳು ಬೇ."

ಫೋನ್ ಈಸಿಕೊಂಡು ನೋಡಿದೆ. ನಾನು ಆ ತಂಗಿಯನ್ನು ಕಂಡವಳೇ ಅಲ್ಲ. ಪರದೆಯ ಮೇಲಿದ್ದದ್ದು ಅಕ್ಕನ ಮುಖ, ಕಣ್ಣ ಕೆಳಗಿನ ಕಪ್ಪೂ ಸೇರಿ. ಫೋನ್ ಮರಳಿಸಲು ಕೈ ಚಾಚುವಷ್ಟರಲ್ಲೇ ಅದು ನನ್ನ ಕೈಯಲ್ಲಿ ಬಡಿದುಕೊಂಡಿತು. ಅವ್ವ.

ಅಕ್ಕ ಫೋನ್ ತೆಗೆದುಕೊಂಡು ಕಿವಿಗಿಟ್ಟಳು.

"ಹ್ಞೂಂ ಯವ್ವಾ" ಎಂದಳು. "ಅರಾಮ್ ಅದಾಳ."