ಕಂಪ್ಯೂಟರಿಗೆ ಹೊದಿಸಿದ ಕೌದಿ

ಭಾನುವಾರ, ಬೆಳಗ್ಗೆ ಆರು ಗಂಟೆ. ಹಾಜರಿದ್ದವರು: ನಾನು, ನಮ್ಮ ಯಜಮಾನರು ಮತ್ತು ಒಂದು ಕಂಪ್ಯೂಟರ್. ಯಜಮಾನರ ಸ್ಥಿತಿ ಸಮಾಧಾನಕರ. ಕಂಪ್ಯೂಟರಿನ ಸ್ಥಿತಿಯೂ ಸಮಾಧಾನಕರವೆಂದೇ ಆಗ ನಾನು ತಿಳಿದಿದ್ದೆ.

ಹೀಗೆ ಆರಂಭಿಸದಿದ್ದರೆ ನನಗೆ ಮಾತೇ ಹೊರಡುವುದಿಲ್ಲ. ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತಳಾದವಳು ನಾನು. ಪಾಳಿ ಬದಲಾಗುವಾಗ ಹೊತ್ತೆಷ್ಟು, ಯಾರಿದ್ದರು, ಯಾರಿಗೆ ಜ್ವರ ಎಂದು ಹೇಳಿ ವಾರ್ಡನ್ನು ಮುಂದಿನವರಿಗೆ ಒಪ್ಪಿಸಿ ರೂಢಿಯಾಗಿದೆ. ಈಗ ಒಪ್ಪಿಸಲು ವಾರ್ಡಿಲ್ಲ, ಒಪ್ಪಿಸಿಕೊಳ್ಳಲು ನೀವಿದ್ದೀರಿ.

ಅದಿರಿನ ಲಾರಿಗಳು ಸಂಡೂರಿನ ಕಡೆಯಿಂದ ಸಾಲುಗಟ್ಟಿ ಬರುತ್ತಿದ್ದ ಕಾಲ ಅದು. ನಮ್ಮ ಹೊಸಪೇಟೆಯಲ್ಲಿ ಬಿಳಿ ಅಂಗಿ ತೊಟ್ಟು ಹೊರಟವರು ಸಂಜೆ ಅದಿರಿನ ಕೆಂಪು ಧೂಳು ಮೆತ್ತಿ ಕಾವಿ ತೊಟ್ಟವರಂತೆ ಮರಳುತ್ತಿದ್ದರು; ವೈರಾಗ್ಯ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಇಂಥ ಊರಲ್ಲಿ ಮನೆ ನಡೆಸುವವಳಿಗೆ ಇರುವುದು ಒಂದೇ ಕ್ರಮ: ಗುಡಿಸು, ಒರೆಸು, ಮುಚ್ಚು. ಟಿವಿಗೆ ಒಂದು ಬಟ್ಟೆ, ಮಿಕ್ಸಿಗೆ ಒಂದು, ಹೊಲಿಗೆ ಯಂತ್ರಕ್ಕೆ ಒಂದು. ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಅಲುಗಾಡದೆ ಕುಳಿತರೆ ತಮ್ಮ ಮೇಲೂ ಬಟ್ಟೆ ಬೀಳುತ್ತದೆ ಎಂದು ಯಜಮಾನರು ಬಂದವರೆದುರು ಹೇಳಿ ನಗಿಸುತ್ತಿದ್ದರು. ಅದು ಉತ್ಪ್ರೇಕ್ಷೆ. ಒಂದೇ ಸಲ ಬಿದ್ದಿದೆ, ಅದೂ ಅವರು ಪೇಪರ್ ಓದುತ್ತ ನಿದ್ದೆ ಹೋಗಿದ್ದಾಗ.

ಈ ಯಜಮಾನರು ಡ್ಯಾಮಿನ ವಿದ್ಯುತ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಕೆಲವರು ತೀರ್ಥಯಾತ್ರೆಗೆ ಹೋಗುತ್ತಾರೆ, ಇವರು ಬಳ್ಳಾರಿಯ ಕಂಪ್ಯೂಟರ್ ಅಂಗಡಿಗಳಿಗೆ ಹೋದರು. ಬಿಡಿಬಿಡಿಯಾಗಿ ಸಾಮಾನು ತಂದು, ಊಟದ ಮೇಜಿನ ಮೇಲೆ ಹರಡಿ, ತಾವೇ ಒಂದು ಕಂಪ್ಯೂಟರ್ ಜೋಡಿಸಿದರು. ಉದ್ದೇಶ ಒಂದೇ, ಕಂಪ್ಲಿಯಲ್ಲಿರುವ ತಮ್ಮ ಅಕ್ಕ ಗಂಗಕ್ಕನ ಹಾಡುಗಳನ್ನು ರೆಕಾರ್ಡ್ ಮಾಡಬೇಕು. ಬೀಸುವ ಹಾಡು, ತೊಟ್ಟಿಲ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಎಲ್ಲವೂ ಅವರ ಬಾಯಲ್ಲಿವೆ. ಮುಂದಿನ ಹಲ್ಲುಗಳ ನಡುವೆ ಒಂದು ಸಂದಿಯಿದ್ದು, ಸಾಲು ಮುಗಿಯುವಲ್ಲಿ ಅದರಿಂದ ಸಣ್ಣ ಸೀಟಿಯೊಂದು ಹೊರಡುತ್ತದೆ. ಮದುವೆ ಮನೆಯಲ್ಲಿ ಅಡುಗೆಮನೆಯ ಗದ್ದಲದ ನಡುವೆಯೂ ಆ ಸೀಟಿ ಕೇಳಿದರೆ, ಗಂಗಕ್ಕ ಬಂದರು ಎಂದು ನಮ್ಮವರಿಗೆಲ್ಲ ತಿಳಿಯುತ್ತದೆ.

ಮೊದಲ ಸಲ ರೆಕಾರ್ಡ್ ಮಾಡಿ ಕೇಳಿಸಿದಾಗ ಹಾಡಿಗಿಂತ ಕಂಪ್ಯೂಟರಿನೊಳಗಿನ ಫ್ಯಾನುಗಳ ಗುಂಯ್‌ಗುಡುವಿಕೆಯೇ ಮುಂದಿತ್ತು. ಗಂಗಕ್ಕನ ಮನೆಯವರದು ಅಕ್ಕಿ ಮಿಲ್ಲು. ಗಂಗಕ್ಕ ಸ್ವಲ್ಪ ಹೊತ್ತು ಕಿವಿಗೊಟ್ಟು, "ಏ ತಮ್ಮಾ, ಇದು ನಮ್ಮ ಮಿಲ್ಲಿನ ಸಪ್ಪಳಲ್ಲೇನೋ? ಇದನ್ನ ಕೇಳಾಕ ನಾನು ಕಂಪ್ಲಿಯಿಂದ ಬಸ್ ಹತ್ತಿ ಬರಬೇಕಿತ್ತೇನು?" ಎಂದರು.

ಆ ಮಾತು ಯಜಮಾನರಿಗೆ ನಾಟಿತು. ಸಣ್ಣ ಫ್ಯಾನುಗಳನ್ನು ಕಿತ್ತು, ಮೆಲ್ಲಗೆ ತಿರುಗುವ ದೊಡ್ಡದೊಂದನ್ನು ಕೂರಿಸಿದರು. ಹಾರ್ಡ್ ಡಿಸ್ಕ್ ನಡುಗಿ ಡಬ್ಬಿಯನ್ನೆಲ್ಲ ನಡುಗಿಸುತ್ತದೆಂದು, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಆ ಪಟ್ಟಿಗಳಲ್ಲಿ ಡಿಸ್ಕನ್ನು ನಡುವೆ ತೂಗುಹಾಕಿದರು. ಮುರಿದ ಕಾಲಿಗೆ ತೂಕ ಕಟ್ಟಿಸಿಕೊಂಡ ರೋಗಿಯಂತೆ ಅದು ತೂಗುತ್ತಿತ್ತು. ನನಗೆ ಆ ಯಂತ್ರದ ಮೇಲೆ ಮೊದಲ ಬಾರಿಗೆ ಮಮತೆ ಹುಟ್ಟಿದ್ದು ಆಗಲೇ. ರಾತ್ರಿ ಹೊತ್ತು ಕಣ್ಣಿಗೆ ಚುಚ್ಚುತ್ತದೆಂದು ಅದರ ಮುಂದಿನ ಪುಟ್ಟ ದೀಪಕ್ಕೂ ಕರಿ ಟೇಪ್ ಅಂಟಿಸಿದರು.

ಸದ್ದು ಇಳಿಯಿತು. ಆದರೆ ಹಾಡಿಗೆ ತಂಬೂರಿ ಸೇರಿಸಿ, ಗುಡಿಯಲ್ಲಿ ಹಾಡಿದಂತೆ ಪ್ರತಿಧ್ವನಿ ಸೇರಿಸಿದರೆ ಯಂತ್ರ ಬಿಕ್ಕಳಿಸುತ್ತಿತ್ತು. ಅದಕ್ಕೆ ಇವರು ಕಂಡುಕೊಂಡ ಮದ್ದು ಓವರ್‌ಕ್ಲಾಕಿಂಗ್.

"ಹಂಗಂದ್ರೇನ್ರಿ?" ಎಂದೆ.

"ಕಂಪನಿಯವರು ಇಷ್ಟು ಓಡ್ತೈತಿ ಅಂತ ಬರದಿರ್ತಾರಲ್ಲ, ಅದಕ್ಕಿಂತ ಜೋರು ಓಡ್ಸೋದು."

"ಅಂದ್ರ ಲಾರಿಯವ್ರು ಅದಿರು ಹೇರಿದಂಗ."

"ನಿನಗ ಎಲ್ಲಾ ಲಾರಿನ ಕಾಣಸ್ತಾವು," ಎಂದು ಸಿಡುಕಿದರು. ಆದರೆ ಅಲ್ಲ ಎನ್ನಲಿಲ್ಲ.

ಜೋರು ಓಡಿಸಿದರೆ ಮೈ ಬಿಸಿಯಾಗುತ್ತದೆ. ಬಿಸಿಯಾದರೆ ಫ್ಯಾನು ಜೋರಾಗಬೇಕು. ಫ್ಯಾನು ಜೋರಾದರೆ ಮತ್ತೆ ಅಕ್ಕಿ ಮಿಲ್ಲು. ಈ ಚಕ್ರದಲ್ಲಿ ಸಿಕ್ಕ ಇವರು ದಾರಿ ಹುಡುಕುತ್ತ ನನ್ನನ್ನು ಹಂಪಿಗೆ ಕರೆದೊಯ್ದರು. ಕಮಲ ಮಹಲಿನ ಗೋಡೆಗಳೊಳಗೆ ನೀರು ಹರಿಸಿ ತಂಪು ಮಾಡುತ್ತಿದ್ದರೆಂದು ಗೈಡುಗಳು ಹೇಳುತ್ತಾರೆ. ನಿಜವೋ ಸುಳ್ಳೋ ಬಲ್ಲವರು ಹೇಳಲಿ. ಇವರು ಮಾತ್ರ ಆ ಗೋಡೆಯನ್ನು ಡಾಕ್ಟರು ಎಕ್ಸ್‌ರೇ ನೋಡುವಂತೆ ನೋಡುತ್ತ ನಿಂತರು. ಕರೆಂಟಿನ ಹತ್ತಿರ ನೀರು ತಂದರೆ ನಾನು ತವರಿಗೆ ಹೋಗುತ್ತೇನೆ ಎಂದ ಮೇಲೆ ಕದಲಿದರು. ವಿಠ್ಠಲ ಗುಡಿಗೆ ಬಂದೆವು. ಅಲ್ಲಿನ ಕಲ್ಲಿನ ಕಂಬಗಳು ಬಡಿದರೆ ಸ್ವರ ನುಡಿಯುತ್ತವೆ, ಆದರೆ ಬಡಿಯಲು ಬಿಡುವುದಿಲ್ಲ. ಇಷ್ಟು ಶತಮಾನ ಕಳೆದರೂ ಬಿಸಿಯಾಗದ, ಬಿಕ್ಕಳಿಸದ, ಫ್ಯಾನು ಬೇಡದ ಸಂಗೀತಯಂತ್ರ ಅದು. ಇವರು ಒಂದು ಕಂಬಕ್ಕೆ ಕೈಮುಗಿದು ಬಂದರು. ಕೊನೆಗೆ ಬಿಸಿಯನ್ನು ಹೀರಿ ಹೊರಬಿಡುವ, ಅಂಗೈಗಿಂತ ದೊಡ್ಡದಾದ ಅಲ್ಯೂಮಿನಿಯಂ ಬಾಚಣಿಗೆಯಂಥ ವಸ್ತುವೊಂದನ್ನು ತರಿಸಿ ಪ್ರೊಸೆಸರಿನ ನೆತ್ತಿಯ ಮೇಲೆ ಕೂರಿಸಿದರು. ವೇಗವೂ ಬಂತು, ಮೌನವೂ ಬಂತು.

ಅಷ್ಟರಲ್ಲಿ ಗಂಗಕ್ಕನ ಫೋನು ಬಂತು. ಹಲ್ಲಿನ ಡಾಕ್ಟರು ಸೋಮವಾರ ಉಳಿದ ಹಲ್ಲುಗಳನ್ನೆಲ್ಲ ತೆಗೆಯುತ್ತಾರಂತೆ, ಆಮೇಲೆ ಕಟ್ಟಿಸಿದ ಹಲ್ಲು. "ಹೊಸಾ ಹಲ್ಲಿಗೆ ನನ್ನ ಹಾಡು ಗೊತ್ತಿರಂಗಿಲ್ಲಲ್ಲೋ ತಮ್ಮಾ," ಎಂದರು. ಸೀಟಿ ಉಳಿಯಬೇಕಾದರೆ ಇದ್ದದ್ದು ಒಂದೇ ಭಾನುವಾರ. ಅದೇ ಈ ಭಾನುವಾರ.

ಈಗ ಬೆಳಗಿನ ಆರು ಗಂಟೆಗೆ ಮರಳೋಣ. ಯಜಮಾನರು ಹಾಲು ತರಲು ಹೋದರು. ನಾನು ಗುಡಿಸಿದೆ, ಒರೆಸಿದೆ. ಗಂಗಕ್ಕ ಬರುವ ದಿನ ಯಂತ್ರಕ್ಕೆ ಎಳೆಯಷ್ಟೂ ಧೂಳು ತಾಗಬಾರದೆಂದು, ಎಂದಿನ ತೆಳು ಬಟ್ಟೆಯ ಬದಲು ಕೌದಿಯನ್ನೇ ತಂದೆ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಗಂಗಕ್ಕನೇ ಹೊಲಿದು ಕೊಟ್ಟ ಕೌದಿ, ಚಳಿಗಾಲದಲ್ಲಿ ಇಬ್ಬರನ್ನು ಬೆವರಿಸುವಂಥದ್ದು. ಅದನ್ನು ಕಂಪ್ಯೂಟರಿನ ನಾಲ್ಕೂ ಬದಿಗೆ ಬಿಗಿಯಾಗಿ ಸಿಕ್ಕಿಸಿದೆ. ಹಾಸಿಗೆಯ ಮೂಲೆ ಮಡಿಸುವುದನ್ನು ಎಷ್ಟೋ ಹುಡುಗಿಯರಿಗೆ ಕಲಿಸಿದ ಕೈ ಇದು. ಗಾಳಿ ನುಸುಳುವಷ್ಟು ಸಂದಿಯನ್ನೂ ಬಿಡಲಿಲ್ಲ.

ಎಂಟಕ್ಕೆ ಗಂಗಕ್ಕ ಬಂದರು. ಉಪ್ಪಿಟ್ಟು, ಚಹಾ ಆಯಿತು. ಯಜಮಾನರು ಕೋಣೆಯ ಬಾಗಿಲು ತೆರೆದವರು ಅಲ್ಲೇ ನಿಂತರು. ಇಸ್ತ್ರಿ ಪೆಟ್ಟಿಗೆಯ ವಾಸನೆ ಬರುತ್ತಿತ್ತು.

"ಶಾಂತಾ! ಕೌದಿ ಯಾರು ಹೊಚ್ಚಿದ್ರು?"

"ನಾನ ಹೊಚ್ಚಿದೆ. ಧೂಳ ಬೀಳ್ತೈತಂತ."

"ಚಾಲೂ ಇತ್ತಲ್ಲೇ ಅದು! ಪೂರಾ ಸ್ಪೀಡಿನಾಗ ಪರೀಕ್ಷೆಗೆ ಬಿಟ್ಟು ಹೋಗಿದ್ದೆ!"

"ಚಾಲೂ ಇದ್ರ ಸಪ್ಪಳ ಬರಬೇಕಿಲ್ಲೇನ್ರಿ?"

"ಬರಬಾರ್ದಂತನ ಅಲ್ಲೇನು ವರ್ಷಗಟ್ಲೆ ಒದ್ದಾಡಿದ್ದು!"

ಅವರ ಗೆಲುವು ಎಷ್ಟು ಪೂರ್ಣವಾಗಿತ್ತೆಂಬುದಕ್ಕೆ ನಾನೇ ಸಾಕ್ಷಿ. ಆದರೆ ಅದನ್ನು ಆಗ ಹೇಳಿ ಸಮಾಧಾನಪಡಿಸುವ ಹಾಗಿರಲಿಲ್ಲ. ಗಂಗಕ್ಕ ಹಣೆ ಹಣೆ ಬಡಿದುಕೊಂಡು ನಕ್ಕರು. "ನನ್ನ ಕೌದಿ ಅಷ್ಟು ಬೆಚ್ಚಗೈತಿ ಅನ್ರಿ!" ಎಂದರು. ಆಮೇಲೆ ನಗು ನಿಂತು, ನಾಲಿಗೆಯಿಂದ ಮುಂದಿನ ಹಲ್ಲನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಜ್ವರ ಬಂದವರ ಮುಂದೆ ಅಳುವುದನ್ನು ನನಗೆ ಕಲಿಸಿಲ್ಲ. ಕೌದಿ ಕಿತ್ತೆ, ಪಕ್ಕದ ತಗಡು ಬಿಚ್ಚಿಸಿದೆ, ಟೇಬಲ್ ಫ್ಯಾನು ತಿರುಗಿಸಿದೆ, ಯಾರೂ ಮುಟ್ಟಕೂಡದು ಎಂದೆ. ಯಂತ್ರ ತಣ್ಣಗಾದ ಮೇಲೂ ಸ್ವಿಚ್ಚಿಗೆ ಓಗೊಡಲಿಲ್ಲ. ಯಜಮಾನರು ಒಳಗಿನ ಗುಂಡಗಿನ ಬ್ಯಾಟರಿಯನ್ನು ತೆಗೆದು ಮತ್ತೆ ಹಾಕಿದರು. ಹಾಗೆ ಮಾಡಿದರೆ ಅದು ಓವರ್‌ಕ್ಲಾಕಿಂಗನ್ನೆಲ್ಲ ಮರೆತು ಹುಟ್ಟಿದ ದಿನದ ವೇಗಕ್ಕೆ ಮರಳುತ್ತದಂತೆ. ಎದ್ದಿತು!

ಆದರೆ ಆ ವೇಗದಲ್ಲಿ ತಂಬೂರಿಯಿಲ್ಲ, ಗುಡಿಯ ಪ್ರತಿಧ್ವನಿಯಿಲ್ಲ. ಬರೀ ಗಂಗಕ್ಕ.

"ನಾನು ಯಾವತ್ತರ ತಂಬೂರಿ ಹಿಡಕೊಂಡು ಹಾಡೀನೇನೋ?" ಎಂದರು ಅವರು.

ಮೈಕಿನ ಮುಂದೆ ಕೂರಿಸಿದೆವು. ಯಂತ್ರ ಉಸಿರೂ ಬಿಡಲಿಲ್ಲ. ಆಗ ಊರು ಕೇಳಿಸತೊಡಗಿತು. ರಸ್ತೆಯಲ್ಲಿ ಲಾರಿ, ಪಕ್ಕದ ಮನೆಯ ಕುಕ್ಕರು, ಕಿಟಕಿಯ ಮೇಲೆ ಪಾರಿವಾಳ, ಗೋಡೆಯಲ್ಲಿ ಹಲ್ಲಿ. ಇಷ್ಟು ದಿನ ಫ್ಯಾನಿನ ಮರೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹಾಜರಿ ಹಾಕಿದರು. ಯಜಮಾನರು ತಲೆ ಹಿಡಿದು ಕುಳಿತರು. ನನ್ನ ಕೈ ಬಿಡುವಾಗಿತ್ತು, ಕೌದಿ ನೆಲದ ಮೇಲಿತ್ತು. ಬಿಡುವಿರುವ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಎತ್ತಿ ಗಂಗಕ್ಕನ ಮೇಲೆ ಹೊದಿಸಿದೆ, ಮೈಕಿನ ಸಮೇತ.

ಕೌದಿಯೊಳಗಿಂದ, "ಏ ಶಾಂತವ್ವಾ, ಜೀವ ಐತಿ ನನಗಿನ್ನೂ!" ಎಂಬ ಕೂಗು ಬಂತು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡಿದ್ದ ಯಜಮಾನರು ನೆಟ್ಟಗಾದರು. "ಅಕ್ಕಾ, ಹೊರಗ ಬರಬ್ಯಾಡ! ಲಾರಿ ಕೇಳಸವಲ್ದು! ಹಾಡು, ಜಲ್ದಿ ಹಾಡು!"

ಗಂಗಕ್ಕ ಕೌದಿಯೊಳಗೆ ಬೀಸುವ ಹಾಡು ಹಾಡಿದರು. ಒಂದು ಹಾಡಿಗೊಮ್ಮೆ ಬೆವರಿದ ಮುಖ ಹೊರಹಾಕಿ, ಮಜ್ಜಿಗೆ ಕುಡಿದು, ಮತ್ತೆ ಒಳಗೆ ಹೋಗುತ್ತಿದ್ದರು. ಬಿಸಿಯಾಗುವ ಪಾಳಿ ಈಗ ಅವರದಾಗಿತ್ತು. ನಾನು ಸಾಲಿಗೊಮ್ಮೆ ಕೌದಿಯ ಅಂಚೆತ್ತಿ ಬೀಸಣಿಗೆ ಬೀಸುತ್ತಿದ್ದೆ, ಸದ್ದಿಲ್ಲದ ಫ್ಯಾನು. ಮಧ್ಯಾಹ್ನದ ಹೊತ್ತಿಗೆ ಅವರ ಬಾಯಲ್ಲಿದ್ದದ್ದೆಲ್ಲ ಯಂತ್ರದೊಳಗಾಯಿತು. ಕೇಳಿಸಿದಾಗ ಪ್ರತಿ ಸಾಲಿನ ಕೊನೆಗೂ ಸೀಟಿ ಇತ್ತು. ಕೊನೆಯ ಹಾಡಾದ ಮೇಲೆ, "ಉಸ್ಸಪ್ಪಾ, ಸತ್ನೆಪ್ಪಾ ಶೆಕಿಗೆ," ಎಂಬುದೂ ಇತ್ತು. ಯಜಮಾನರು ಅದನ್ನು ಅಳಿಸಲು ಹೋದರು, ಗಂಗಕ್ಕ ಕೈ ಹಿಡಿದರು. "ಇರಲಿ ಬಿಡೋ. ಅದರಾಗೂ ಸೀಟಿ ಐತಿ."

ನಾಲ್ಕು ಬದಿಗೂ ಬಿಗಿಯಾಗಿ ಮುಚ್ಚುವುದನ್ನು ನನಗೆ ಚೆನ್ನಾಗಿ ಕಲಿಸಿದ್ದಾರೆ. ಮುಚ್ಚುವ ಮೊದಲು ಒಳಗಿರುವುದು ಓಡುತ್ತಿದೆಯೋ ನಿಂತಿದೆಯೋ ಎಂದು ಮುಟ್ಟಿ ನೋಡುವುದನ್ನೂ ಕಲಿಸಿದ್ದರು; ಆದರೆ ನಾನು ಅದನ್ನು ರೋಗಿಗಳಿಗಷ್ಟೇ ಎಂದುಕೊಂಡಿದ್ದೆ.

ಸಂಜೆ ಏಳು ಗಂಟೆ. ಹಾಜರಿದ್ದವರು: ನಾನು, ಯಜಮಾನರು, ನಾಳೆಯ ಚಿಂತೆ ಬಿಟ್ಟು ದಿವಾನದ ಮೇಲೆ ಗೊರಕೆ ಹೊಡೆಯುತ್ತಿದ್ದ ಗಂಗಕ್ಕ. ಗೊರಕೆಯಲ್ಲೂ ಸೀಟಿ. ಕಂಪ್ಯೂಟರ್ ಆರಿಸಿದ್ದಾಯಿತು, ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು. ಅದಕ್ಕೆ ತೆಳು ಬಟ್ಟೆ ಹಾಕಿದೆ. ಗಂಗಕ್ಕನ ಹಣೆ ಮುಟ್ಟಿ ನೋಡಿದೆ, ಚಾಲೂ ಇತ್ತು. ಕೌದಿಯನ್ನು ಕಾಲಿಗಷ್ಟೇ ಹೊದಿಸಿ, ಮೂಲೆಗಳನ್ನು ಸಿಕ್ಕಿಸದೆ ಹಾಗೇ ಬಿಟ್ಟೆ.