ಘಾಟಿನ ಬುಡದಲ್ಲಿ ನಿಂತವರು

ಹೊಸ ಸೀರೆಯ ಗಂಜಿ ವಾಸನೆ ಬಂದರೆ ಉಳಿದವರಿಗೆ ಹಬ್ಬ, ಮದುವೆ ನೆನಪಾಗುತ್ತವಂತೆ. ನನಗೆ ಕ್ರೀಡಾ ಹಾಸ್ಟೆಲ್ಲಿನ ಒಂದು ಕಬ್ಬಿಣದ ಮಂಚ, ಅದರ ಕೆಳಗಿನ ಒಂದು ಕೈಚೀಲ ನೆನಪಾಗುತ್ತವೆ. ಕಳೆದ ತಿಂಗಳು ನಾದಿನಿಯ ಮಗಳ ಮದುವೆಗೆ ಸೀರೆ ತರಲು ಮುಧೋಳದಿಂದ ರಬಕವಿಗೆ ಹೋಗಿದ್ದೆ. ಅಂಗಡಿಯವರು ಒಂದರ ಮೇಲೊಂದು ಸೀರೆ ಬಿಚ್ಚಿ ಹಾಕುತ್ತಿದ್ದರು. ಹತ್ತನೆಯದೋ ಹನ್ನೊಂದನೆಯದೋ ಮೂಗಿನ ಹತ್ತಿರ ಬಂದಾಗ ಅಕ್ಕ ನೆನಪಾದಳು...

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಹಾಸ್ಟೆಲ್ಲಿನಲ್ಲಿ ನನಗಿಂತ ಮೂರು ವರ್ಷ ಹಿರಿಯಳು. ಬನಹಟ್ಟಿಯ ನೇಕಾರರ ಮನೆಯ ಹುಡುಗಿ. ಊರಿಂದ ಅವಳು ತರುವ ಅರಿವೆಗಳಿಗೆಲ್ಲ ನೂಲಿಗೆ ಹಚ್ಚುವ ಗಂಜಿಯದೇ ವಾಸನೆ. ಇಬ್ಬರೂ ಸೈಕಲ್ ತುಳಿಯಲೆಂದೇ ಅಲ್ಲಿ ಸೇರಿದವರು. ನಾನು ಮುಂದೆ ಬಿಟ್ಟೆ. ಈಗ ಶಾಲೆಯೊಂದರಲ್ಲಿ ಸೀಟಿ ಊದುತ್ತ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ನನ್ನ ಕೆಲಸ. ಅವಳು ಮಾತ್ರ ಸೈಕಲ್ಲನ್ನೇ ಹೊಟ್ಟೆಪಾಡು ಮಾಡಿಕೊಂಡಳು.

ಅಂಗಡಿಯವರಿಗೆ ಗೊತ್ತಿರಬಹುದೆಂದು ಅವಳ ಮನೆಯವರ ಬಗ್ಗೆ ವಿಚಾರಿಸಿದೆ. “ಆ ಸೈಕಲ್ ಅಕ್ಕಾರೇನ್ರೀ? ಅವರು ತೀರಿಕೊಂಡು ಎರಡು ವರ್ಷ ಆತಲ್ರೀ. ಕಾಮಣಿ ಜಡ್ಡು ಆಗಿತ್ತು” ಅಂದು ಮುಂದಿನ ಸೀರೆ ಬಿಚ್ಚಿದರು. ನಾನು ಸೆರಗು ನೋಡಿದೆ, ಬಣ್ಣ ನೋಡಿದೆ, ತಲೆಯಾಡಿಸಿದೆ. ಯಾವ ಸೀರೆ ಆರಿಸಿದೆನೆಂದು ಮನೆಗೆ ಬಂದು ಬಿಚ್ಚಿದಾಗಲೇ ಗೊತ್ತಾದದ್ದು.

ಅಕ್ಕ ಗುಡ್ಡ ಹತ್ತುವವಳು. ಸೈಕಲ್ ತುಳಿಯುವವರಲ್ಲೂ ಜಾತಿಗಳಿವೆ. ಕಡೆಯ ನೂರು ಗಜ ಬಾಣದಂತೆ ಬಿಡುವವರು ಕೆಲವರು, ಬಯಲಿನಲ್ಲಿ ಗಂಟೆಗಟ್ಟಲೆ ಗಾಳಿಗೆ ಎದೆ ಕೊಡುವವರು ಕೆಲವರು, ಏರು ಬಂತೆಂದರೆ ಜೀವ ಬರುವವರು ಬಹಳ ಕಡಿಮೆ. ಅಕ್ಕನ ಮೈಯಲ್ಲಿ ಮಾಂಸವೇ ಇರಲಿಲ್ಲ. ಬಯಲು ರಸ್ತೆಯಲ್ಲಿ ನಾನೇ ಅವಳನ್ನು ಎಷ್ಟೋ ಸಲ ಹಿಂದೆ ಹಾಕಿದ್ದೇನೆ. ಆದರೆ ಏರು ಶುರುವಾದರೆ ಸೀಟಿನಿಂದ ಏಳದೆ, ಮುಂದಿನ ಗಾಲಿಯಿಂದ ಎರಡು ಮೊಳ ಆಚೆ ಕಣ್ಣಿಟ್ಟು, ಒಂದೇ ಲಯದಲ್ಲಿ ಹೋಗುತ್ತಿದ್ದಳು. ಅದು ಹೇಗೆಂದು ಒಮ್ಮೆ ಕೇಳಿದೆ. “ನಮ್ಮನಿ ಮಗ್ಗದ ಸಪ್ಪಳ ಕಿವ್ಯಾಗ ಇಟ್ಕೊಂಡು ತುಳೀತೇನಿ ಬೇ. ಅದು ನಿಂತ್ರ ನಾನೂ ನಿಂದರ್ತೇನಿ” ಅಂದಳು.

ನಮ್ಮ ಸೀಮೆಯಲ್ಲಿ ಗುಡ್ಡವೆಲ್ಲಿದೆ? ಹೊಳೆದಂಡೆ, ಕಬ್ಬು, ಕರಿನೆಲ, ಕಣ್ಣು ಹಾಯುವತನಕ ಸಪಾಟು. ಬೀಳಗಿ ಕಡೆ ಒಂದಿಷ್ಟು ದಿನ್ನೆಗಳು, ಜಮಖಂಡಿಯಲ್ಲಿ ಒಂದು ಗುಡ್ಡ. ಆ ಗುಡ್ಡದ ರಸ್ತೆ ಶುರುವಾಯಿತೆನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ಅಕ್ಕ ಅದನ್ನೇ ಒಂದು ಮುಂಜಾನೆಗೆ ನಲವತ್ತು ಸಲ ಹತ್ತಿ ಇಳಿಯುತ್ತಿದ್ದಳು. ಗುಡಿಗೆ ಬರುವ ಮುದುಕಿಯರು ನಿಂತು ನೋಡುತ್ತಿದ್ದರು. “ಏನ್ ಹರಕಿ ಹೊತ್ತೀಯವಾ?” ಎಂದು ಒಬ್ಬಾಕೆ ಕೇಳಿದ್ದಕ್ಕೆ, ಏದುಸಿರು ಬಿಡುತ್ತಲೇ “ಹೂನಬೇ ಯಮ್ಮಾ, ಇನ್ನ ಹನ್ನೆರಡ ಉಳದಾವು” ಅಂದಿದ್ದಳು. ಪಾಪ, ಆ ಮುದುಕಿ ಕೈ ಮುಗಿದೇ ಹೋದಳು.

ಗೆದ್ದದ್ದೆಲ್ಲ ದೂರದ ಗುಡ್ಡಗಳಲ್ಲಿ. ಬನಹಟ್ಟಿಯವರು ಕಣ್ಣಿಂದ ನೋಡಿದ್ದು ಊರ ಶರ್ಯತ್ತುಗಳನ್ನು ಮಾತ್ರ. ನಮ್ಮ ಕಡೆಯ ಸೈಕಲ್ ಶರ್ಯತ್ತು ಹೇಗೆಂದರೆ, ಊರ ಹೊರಗೆ ಸುಣ್ಣದ ಗೆರೆ ಎಳೆಯುತ್ತಾರೆ. ಅಲ್ಲಿಂದ ಹೊರಟವರು ಹತ್ತು ಕಿಲೋಮೀಟರ್ ಆಚೆ ಇಟ್ಟ ಡ್ರಮ್ಮು ಸುತ್ತಿ ತಿರುಗಿ ಅದೇ ಗೆರೆಗೆ ಬರಬೇಕು. ಜನ ಗೆರೆಯ ಹತ್ತಿರ ಗುಲಾಲು ಹಿಡಿದು ಕಾಯುತ್ತಾರೆ. ಹೋದವರು ಅಲ್ಲಿಗೇ ಬರಬೇಕಲ್ಲ, ಮತ್ತೆಲ್ಲಿಗೆ ಹೋದಾರು? ಆ ಸಪಾಟು ರಸ್ತೆಯಲ್ಲಿ ಅಕ್ಕ ಐದನೆಯವಳೋ ಏಳನೆಯವಳೋ ಆಗಿ ಬರುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಅವಳ ಅಪ್ಪ ಮನೆಯಲ್ಲೇ ಒಂದು ಪವರ್‌ಲೂಮು ಇಟ್ಟುಕೊಂಡು ಕೂಲಿಗೆ ನೇಯುವವರು. “ನಿನ್ನ ಮಗಳು ಗುಡ್ಡಾ ಹತ್ತತಾಳಂತ, ನಮ್ಮೂರಾಗ ಗುಡ್ಡಾನ ಇಲ್ಲಲ್ಲೋ” ಎಂದು ಜೊತೆಯವರು ಅವರನ್ನು ಆಡಿಕೊಳ್ಳುತ್ತಿದ್ದರು. ಅವರು ನಗುತ್ತಿದ್ದರು. ಮಗಳಿಗೆ ಮಾತ್ರ ಒಂದೇ ಒಂದು ಮಾತು ಹೇಳಿದ್ದರಂತೆ, “ಒಮ್ಮೆ ನನ್ನ ಕಣ್ಣಮುಂದ ಗೆಲ್ಲವಾ, ಸಾಕು.”

ಅಕ್ಕನಿಗೆ ಅದೊಂದೇ ಹುಚ್ಚು ಹಿಡಿಯಿತು. ಪದಕ, ನೌಕರಿ, ಪೇಪರಿನ ಫೋಟೋ ಎಲ್ಲ ಆಮೇಲೆ. ಅಪ್ಪ ನೋಡಬೇಕು, ಅಷ್ಟೇ.

ಬೆಳಗಾವಿಯ ಆಚೆ ಒಂದು ಘಾಟಿನಲ್ಲಿ ರಾಜ್ಯಮಟ್ಟದ ರೇಸು ಬಿತ್ತು. ಟೆಂಪೋ ಮಾಡಿಕೊಂಡು ಬಂದು ಹೋಗುವಷ್ಟು ಹತ್ತಿರ. ಅಕ್ಕ ಊರಿಗೆ ಹೋಗಿ ಖುದ್ದಾಗಿ ಹೇಳಿ ಬಂದಳು. ನಾನೂ ಆ ರೇಸಿನಲ್ಲಿ ಇರಬೇಕಾದವಳು. ಎರಡು ದಿನ ಮೊದಲು ಕೋಚ್ ನನ್ನ ಹೆಸರು ಹೊಡೆದುಹಾಕಿದರು. ಹೊಡೆದುಹಾಕಿದ್ದೇ ಸರಿ, ಆ ಏರನ್ನು ನಾನು ಹತ್ತುತ್ತಿರಲಿಲ್ಲ. ಆದರೆ ಹೆಸರು ತೆಗೆದವರು ಮನೆಗೆ ಕಳಿಸಬೇಕಿತ್ತು. ಹಾಗೆ ಮಾಡದೆ ಬಾಟಲಿ ತುಂಬಿ, ಸ್ವೆಟರ್ ಹೊತ್ತು ತಂಡದ ಜೀಪಿನಲ್ಲಿ ಹೋಗುವ ಕೆಲಸಕ್ಕೆ ಹಚ್ಚಿದರು.

ರೇಸಿನ ದಿನ ಗೆರೆಯ ಹತ್ತಿರ ನಿಂತು ಅಕ್ಕ ನನ್ನ ಕೈ ಹಿಡಿದಳು. “ನಮ್ಮಪ್ಪ ಬರಾಕತ್ತಾನ. ಟೆಂಪೋ ಇಲ್ಲೇ ಬುಡದಾಗ ನಿಂದರ್ತೈತಿ. ಅವರಿಗೇನೂ ತಿಳಿಯಂಗಿಲ್ಲ. ಜೀಪಿನ್ಯಾಗ ಅಪ್ಪನ್ನಷ್ಟರ ಮ್ಯಾಲ ಕರಕೊಂಡು ಬಾ ಬೇ. ಮರೀಬ್ಯಾಡ.” ನಾನು ಹೂಂ ಅಂದೆ.

ರೇಸು ಬಿಟ್ಟ ಸ್ವಲ್ಪ ಹೊತ್ತಿಗೆ ಟೆಂಪೋ ಬಂತು. ಹನ್ನೆರಡು ಹದಿಮೂರು ಜನ ನೇಕಾರರು, ಅಕ್ಕನ ತಮ್ಮ, ಎಲ್ಲರಿಗಿಂತ ಮುಂದೆ ಅಪ್ಪ. ಬಿಳಿ ಟೊಪ್ಪಿಗೆ, ಹೊಸ ಧೋತರ, ಒದ್ದೆ ಅರಿವೆಯಲ್ಲಿ ಸುತ್ತಿದ ಚೆಂಡುಹೂವಿನ ಹಾರ. ರಸ್ತೆಗೆ ಅಡ್ಡ ಬರೆದ ಸುಣ್ಣದ ಗೆರೆ ನೋಡಿದ್ದೇ ಎಲ್ಲರೂ ಅದರ ಎರಡೂ ಬದಿಗೆ ಸಾಲಾಗಿ ನಿಂತುಬಿಟ್ಟರು. ಅವರ ಲೆಕ್ಕದಲ್ಲಿ ಶರ್ಯತ್ತು ಎಲ್ಲಿ ಬಿಡುತ್ತದೋ ಅಲ್ಲೇ ಮುಗಿಯಬೇಕು. ಘಾಟಿನ ಶರ್ಯತ್ತು ತುದಿಯಲ್ಲಿ ಮುಗಿಯುತ್ತದೆಂದು ಅವರಿಗೆ ಯಾರು ಹೇಳಬೇಕಿತ್ತು?

ನಾನು. ಹೇಳಬೇಕಾದವಳು ನಾನೇ.

ಅಪ್ಪ ಮಾತ್ರ ಅನುಮಾನ ಬಂದು ನನ್ನನ್ನು ಕೇಳಿದರು. “ಇಲ್ಲೇ ನಿಂದ್ರೂದೇನ ಯವ್ವಾ, ಮ್ಯಾಲ ಹೋಗಬೇಕೇನ? ಹೋಗೂದಾದ್ರ ನಡಕೋತನೂ ಹೊಕ್ಕೇನಿ.” ಜೀಪಿನ ಹಿಂದಿನ ಸೀಟು ಖಾಲಿ ಇತ್ತು. ನಾನು ನಸುಕಿನಲ್ಲೇ ಎದ್ದವಳು. ಕಾಲು ಸೋತಿದ್ದವು, ಅದಕ್ಕಿಂತ ಮನಸ್ಸು ಸೋತಿತ್ತು. ಆ ಹಾರ ನೋಡಿದೆ, ನನಗಾಗಿ ಹಾರ ತಂದವರು ಯಾರೂ ಇರಲಿಲ್ಲ. ಕೈಲಾಗದವರು ಮೈ ಪರಚಿಕೊಳ್ಳುತ್ತಾರಂತೆ, ನಾನು ಇನ್ನೊಬ್ಬರ ಮೈ ಪರಚಿದೆ. “ಬ್ಯಾಡ್ರಿ ಕಾಕಾ. ಇಲ್ಲೇ ನಿಂದರ್ರಿ. ಇಲ್ಲಿಗೇ ಬರ್ತಾರ” ಅಂದೆ. ಜೀಪು ಹತ್ತಿ ಹೊರಟುಹೋದೆ.

ತುದಿಯಲ್ಲಿ ಮಂಜು ಇತ್ತು. ಕಡೆಯ ತಿರುವಿನಲ್ಲಿ ಅಕ್ಕ ಒಬ್ಬಳೇ ಕಾಣಿಸಿಕೊಂಡಳು. ಅವಳ ಹಿಂದೆ ಖಾಲಿ ರಸ್ತೆ. ಗೆರೆ ದಾಟಿದವಳು ನೀರು ಇಸಿದುಕೊಳ್ಳಲಿಲ್ಲ, ಸೈಕಲ್ಲಿನಿಂದ ಇಳಿಯಲೂ ಇಲ್ಲ. ಕತ್ತು ಎತ್ತಿ ಎತ್ತಿ ಜನರಲ್ಲಿ ಬಿಳಿ ಟೊಪ್ಪಿಗೆ ಹುಡುಕಿದಳು.

“ಅಪ್ಪ ಎಲ್ಲಿ?”

“ಬುಡದಾಗ ಅದಾರ.”

“ನೀ ಹೇಳಲಿಲ್ಲೇನು?”

“ಹೇಳಿದ್ನೆಕ್ಕಾ. ಬರ್ರಿ ಅಂದೆ. ಅವರ ಬರಲಿಲ್ಲ.”

ಬಾಯಿಂದ ಬಿದ್ದಾಗಿತ್ತು. ಅವಳು ಆಗ ನೀರು ಕುಡಿದಳು, ಬಹಳ ಹೊತ್ತು ಕುಡಿದಳು.

ಗೆದ್ದವರಿಗೆ ತುದಿಯಲ್ಲಿ ನೂರೆಂಟು ಕೆಲಸ. ಪದಕ, ಭಾಷಣ, ಫೋಟೋ. ಅಷ್ಟರಲ್ಲಿ ಸೋತವರು, ನಡುವೆಯೇ ಬಿಟ್ಟವರು ಬುಡಕ್ಕೆ ಇಳಿಯತೊಡಗಿದ್ದರು. ಮೊದಲು ಇಳಿದವಳು ಅರ್ಧ ಘಾಟಿನಲ್ಲೇ ಕೈಬಿಟ್ಟ ಒಬ್ಬ ಹುಡುಗಿ. ಬನಹಟ್ಟಿಯವರು ಅವಳೇ ಗೆದ್ದವಳೆಂದು ತಿಳಿದು ಹೋ ಎಂದು ಕೂಗಿ ಇದ್ದಷ್ಟೂ ಗುಲಾಲು ಎರಚಿದರಂತೆ. ಪರವೂರಾಕೆಯಾದರೂ ಗೆದ್ದವರು ಗೆದ್ದವರೇ ಎಂಬ ದೊಡ್ಡ ಮನಸ್ಸು ಅವರದು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ತಮ್ಮ ಹುಡುಗಿ ಮಾತ್ರ ಇಲ್ಲ. ಮಧ್ಯಾಹ್ನ ದಾಟಿತು. ಅಪ್ಪ ಹಾರಕ್ಕೆ ನೀರು ಚಿಮುಕಿಸುತ್ತ ನಿಂತೇ ಇದ್ದರಂತೆ. ಇದನ್ನೆಲ್ಲ ಬುಡದಲ್ಲೇ ಉಳಿದಿದ್ದ ಇನ್ನೊಂದು ಜೀಪಿನ ಡ್ರೈವರ್ ನನಗೆ ನಕ್ಕು ನಕ್ಕು ಹೇಳಿದ. ನಾನೂ ನಕ್ಕೆ ಅಂತ ಕಾಣುತ್ತದೆ... ಸರಿಯಾಗಿ ನೆನಪಿಲ್ಲ.

ಎಲ್ಲರಿಗಿಂತ ಕೊನೆಗೆ ಅಕ್ಕ ಇಳಿದಳು. ಅವಳ ಚೀಲ ಹಿಡಿದು ನಾನು ಹಿಂದೆ. ಅಪ್ಪ ಬಾಡಿದ ಹಾರ ಕೊರಳಿಗೆ ಹಾಕಿ, ಬೆನ್ನು ಸವರಿ, “ಇರಲಿ ಬಿಡವಾ, ಕಡೀಕ ಬಂದ್ರೂ ಬಂದ್ಯಲ್ಲ” ಅಂದರು. ಅಕ್ಕ ಜಾಕೀಟಿನ ಗುಂಡಿ ಬಿಚ್ಚಿ ಪದಕ ತೋರಿಸಿದಳು. ಅವರಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ತಲೆಯೆತ್ತಿ ಘಾಟನ್ನೊಮ್ಮೆ ನೋಡಿದರು. “ಮ್ಯಾಲ ಮುಗೀತೈತೇನ ಇದು?”

“ಆಕಿ ಹೇಳಿದ್ಲಂತಲ್ಲ? ಬರ್ರಿ ಅಂದ್ರೂ ಬರಲಿಲ್ಲಂತ. ಯಾಕ ಬರಲಿಲ್ಲ ಅಪ್ಪಾ?”

ಅಪ್ಪ ಅವಳ ಹೆಗಲ ಮೇಲಿಂದ ನನ್ನತ್ತ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ನಾನು ಇಷ್ಟು ವರ್ಷ ಹೊತ್ತು ತಿರುಗುತ್ತಿರಲಿಲ್ಲ. ನಾನು ತಲೆ ತಗ್ಗಿಸಿದೆ. “ಹೂನವಾ, ಹೇಳಿದ್ಲು,” ಅಂದರು ಅವರು, “ಮೊಳಕಾಲ ನೂಸಾಕತ್ತಿದ್ವು. ಹತ್ತೂದು ಬ್ಯಾಸರಾತು.”

ಆ ಗೆಲುವಿನಿಂದ ಅಕ್ಕನಿಗೆ ಕ್ರೀಡಾ ಕೋಟಾದ ನೌಕರಿ ಸಿಕ್ಕಿತು. ಹೆಸರಿಗೆ ಗುಮಾಸ್ತೆ, ಕೆಲಸ ಸೈಕಲ್ ತುಳಿಯುವುದು. ಬಯಲಿನಲ್ಲಿ ತಂಡದವರು ಸುತ್ತುವರಿದು ಗಾಳಿ ತಾಗದಂತೆ ಅವಳನ್ನು ಗುಡ್ಡದ ಬುಡದವರೆಗೆ ತಂದುಬಿಡುತ್ತಿದ್ದರು. ಅಲ್ಲಿಂದ ಮುಂದೆ ಅವಳು ಒಬ್ಬಳೇ. ಒಂಬತ್ತು ವರ್ಷ ಅದನ್ನೇ ಮಾಡಿದಳು. ದಿನಾ ಮುಂಜಾನೆ ತಕ್ಕಡಿ ಹತ್ತಿ ತೂಕ ನೋಡಿಕೊಳ್ಳುವುದು, ತುಪ್ಪ ಇಲ್ಲ, ಹೋಳಿಗೆ ಇಲ್ಲ. ಊರಿಗೆ ಬಂದರೂ ಅರ್ಧ ರೊಟ್ಟಿ ತಿಂದು ಕೈ ತೊಳೆಯುವುದು. ಯಾವುದೋ ಗುಡ್ಡಗಾಡಿನಿಂದ ಫೋನು ಮಾಡುತ್ತಿದ್ದಳು. “ದೂರದ ಗುಡ್ಡ ನುಣ್ಣಗ ಅಂತಾರಲ್ಲ, ಅವರನ್ನ ಇಲ್ಲಿಗೆ ಕರಕೊಂಡು ಬಾ ಬೇ, ತುಳಸತೇನಿ” ಎಂದು ನಗುತ್ತಿದ್ದಳು. ಆಮೇಲಾಮೇಲೆ ನಗು ಕಡಿಮೆಯಾಯಿತು. ಮೊಳಕಾಲು ಹೋದವು. ಹೊಸ ಹುಡುಗಿಯರು ಬಂದರು, ಕಡೆಯ ಎರಡು ವರ್ಷ ಅವರಿಗೆ ನೀರಿನ ಬಾಟಲಿ ಒಯ್ದು ಕೊಡುತ್ತಿದ್ದಳು. “ಸಾಕಾಗೇತಿ. ಮಗ್ಗದ ಸಪ್ಪಳನ ಕೇಳವಲ್ದು” ಅಂದಳು ಒಮ್ಮೆ.

ಒಂದು ಫೋನಿನಲ್ಲಿ ನಾನೇ ಧೈರ್ಯ ಮಾಡಿ, ಮುಂದಿನ ರೇಸಿಗೆ ಅಪ್ಪನನ್ನು ಕರೆದುಕೊಂಡು ಹೋಗು ಅಂದೆ. “ಬ್ಯಾಡ ಬಿಡ. ಅವಗ ಹತ್ತೂದಂದ್ರ ಬ್ಯಾಸರ” ಅಂದಳು. ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಆಮೇಲೆ ಅವಳು ಅಪ್ಪನನ್ನು ಯಾವ ರೇಸಿಗೂ ಕರೆಯಲಿಲ್ಲ, ಅವರಾಗಿ ಬರುತ್ತೇನೆ ಅನ್ನಲೂ ಇಲ್ಲ.

ಘಾಟಿನ ರೇಸಾಗಿ ನಾಲ್ಕನೆಯ ವರ್ಷಕ್ಕೆ ಅಪ್ಪ ತೀರಿಹೋದರು. ಮಾತಾಡಿಸಲು ಬನಹಟ್ಟಿಗೆ ಹೋದೆ. ಅಕ್ಕ ನಿಂತುಹೋದ ಮಗ್ಗಕ್ಕೆ ಒರಗಿ ಕೂತಿದ್ದಳು. “ಒಂದ ಸಲ ನೋಡಬೇಕಿತ್ತು ಅವ. ಜೀಪಿತ್ತು... ನೀನರ ಕರದಿದ್ದಿ” ಅಂದು ನನ್ನ ಕೈ ಹಿಡಿದು ಅತ್ತಳು. ನಾನೂ ಅತ್ತೆ. ನನ್ನ ಅಳು ಯಾವುದಕ್ಕೆಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲಿಂದ ಬಂದ ಮೇಲೆ ಅವಳ ಫೋನು ಬಂದರೆ ಎತ್ತುವುದನ್ನು ಮೆಲ್ಲಗೆ ಕಡಿಮೆ ಮಾಡುತ್ತ ಕಡೆಗೆ ನಿಲ್ಲಿಸಿಯೇಬಿಟ್ಟೆ. ಎತ್ತಿದರೆ ಹೇಳಬೇಕಾಗುತ್ತದಲ್ಲ. ನಾಚಿಕೆಗೇಡು ನಾನು.

ಆ ದಿನ ರಬಕವಿಯಲ್ಲಿ ಸೀರೆ ಕಟ್ಟಿಸಿಕೊಂಡು ಮುಧೋಳದ ಬಸ್ಸು ಹಿಡಿಯಬೇಕಾದವಳು ಬನಹಟ್ಟಿಗೆ ಹೋದೆ. ಅಕ್ಕನ ತಮ್ಮ ಮಗ್ಗದ ಮುಂದೆ ನಿಂತಿದ್ದ. ತಲೆ ಅರ್ಧ ಬೆಳ್ಳಗಾಗಿದೆ. ಗುರುತು ಹಿಡಿದು “ಬರ್ರಿ ಅಕ್ಕಾರ” ಅಂದ. ಕೂಡ್ರಿ ಅನ್ನುವುದಕ್ಕೂ ಪುರಸೊತ್ತು ಕೊಡದೆ ನಾನು ಹೇಳಿಬಿಟ್ಟೆ. ಮಗ್ಗದ ಗದ್ದಲದಲ್ಲಿ ಅವನಿಗೆ ಕೇಳಿಸಲಿಲ್ಲ. “ಏನಂದ್ರಿ?” ಎಂದು ಮಗ್ಗ ಬಂದ್ ಮಾಡಿದ. ಆ ಮೌನದಲ್ಲಿ ಇನ್ನೊಮ್ಮೆ ಹೇಳಬೇಕಾಯಿತು. “ಆವತ್ತು ನಿಮ್ಮಪ್ಪ ನಡಕೋತ ಬರ್ತೇನಿ ಅಂದಿದ್ರು. ನಾನ ಬ್ಯಾಡ ಅಂದೆ. ಅಕ್ಕಗ ಸುಳ್ಳು ಹೇಳಿದೆ.”

ಅವನು ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡ.

“ಗೊತ್ತೈತ್ರಿ. ನಾನೂ ಅಲ್ಲೇ ನಿಂತಿದ್ನೆಲ್ಲ. ಟೆಂಪೋದಾಗ ಬಂದವರಿಗೆಲ್ಲಾ ಗೊತ್ತಿತ್ತು. ಅಕ್ಕ ಒಬ್ಬಾಕಿಗೆ ಗೊತ್ತಿರಲಿಲ್ಲ. ಅಪ್ಪ ಎಲ್ಲಾರ ಕಡೆ ಆಣಿ ಮಾಡಿಸ್ಕೊಂಡಿದ್ದ.”

“ಯಾಕ?”

“ಆಕೀನೂ ಒಬ್ಬರ ಮಗಳು, ನಾಕ ಮಂದ್ಯಾಗ ಸುಳ್ಳಿ ಆಗಬಾರದು ಅಂದ. ಒಂದಿನ ತಾನ ಬಂದು ಹೇಳ್ತಾಳ, ನಾವು ಹೇಳೂದು ಬ್ಯಾಡ ಅಂತಿದ್ದ. ಕಡೀತನಕಾ ಕೇಳ್ತಿದ್ದ ನೋಡ್ರೀ, ಆ ಹುಡುಗಿ ಬಂದಿದ್ಲೇನು ಅಂತ.”

ಒಳಗಿನಿಂದ ಚಹಾ ಬಂತು. ಅವನು ಮಗ್ಗ ಮತ್ತೆ ಚಾಲೂ ಮಾಡಲಿಲ್ಲ, ನಾನು ಇನ್ನೇನಾದರೂ ಹೇಳುತ್ತೇನೆಂದು ಕಾದ. ಬರಬೇಕಾದ ಹುಡುಗಿ ಬಂದಿದ್ದಳು, ಕೇಳಬೇಕಾದ ಇಬ್ಬರೂ ಹೋಗಿಬಿಟ್ಟಿದ್ದರು.