ಹೊಳೆಯದ ಜೀವಕೋಶಗಳು

ಸಂಶೋಧನಾಲಯದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಕತ್ತಲೆ ಕೋಣೆಯಲ್ಲಿ, ಸೂಕ್ಷ್ಮದರ್ಶಕದ ಮುಂದೆ ಕೂತೇ ತಲೆ ನರೆಸಿಕೊಂಡವಳಿಗೆ ಎಲ್ಲರೂ ಇಟ್ಟ ಹೆಸರು ಗೂಬಕ್ಕ. ಅದಕ್ಕೆ ಅವಳು ಬೇಸರಪಡಲಿಲ್ಲ. ಗೂಬೆಗಾದರೂ ಕಣ್ಣು ನೆಟ್ಟಗಿದೆ ಎನ್ನುತ್ತಿದ್ದಳು. ಬೇರೆ ಸೂಕ್ಷ್ಮದರ್ಶಕಗಳಲ್ಲಿ ಮಸುಕು ಮುದ್ದೆಯಾಗಿ ಕಾಣುವುದನ್ನು ಅವಳ ಯಂತ್ರ ಎಳೆಎಳೆಯಾಗಿ ಬಿಡಿಸಿ ತೋರಿಸುತ್ತಿತ್ತು. ಆದರೆ ಅದರ ಲೇಸರ್ ಬೆಳಕು ಅತಿಯಾದರೆ ಜೀವಕೋಶ ಸಾಯುತ್ತದೆ. ಹೀಗಾಗಿ ಬೆಳಕಿನ ವಿಷಯದಲ್ಲಿ ಅವಳು ಕಡುಜಿಪುಣಿ.

ಮೇಲಿನ ಮಹಡಿಯಲ್ಲಿ ಅವಳ ತಮ್ಮ ರಸಾಯನ ವಿಜ್ಞಾನಿ. ಅವನು ತಯಾರಿಸಿದ ಹೊಳೆಯುವ ಬಣ್ಣ ಬದುಕಿರುವ ಕೋಶದೊಳಗೆ ಹೊಕ್ಕು ಬೆಳಗುತ್ತದೆ ಎಂಬುದು ಅವನ ವಾದ. ನಿಜವಾದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ. ಅದನ್ನು ತೀರ್ಮಾನಿಸುವ ಸಮಿತಿ ಸೇರುವ ದಿನ ಬೆಳಿಗ್ಗೆ ಅಕ್ಕ ಚಿತ್ರ ತೆಗೆದಳು. ಕೆಲವು ಕೋಶಗಳು ಕೆಂಡದಂತೆ ಹೊಳೆದವು. ತಮ್ಮ ಕುಣಿಯುವುದೊಂದು ಬಾಕಿ.

ಅವಳು ಅಷ್ಟಕ್ಕೆ ಬಿಡಲಿಲ್ಲ. ಬಣ್ಣ ಹಿಡಿಯದ ಕೋಶಗಳೂ ಕಾಣಲೆಂದು ಸಾಧಾರಣ ದೀಪ ಹಚ್ಚಿ, ಕೆಲವು ನಿಮಿಷಕ್ಕೊಂದರಂತೆ ಚಿತ್ರ ತೆಗೆದು ಸಿನಿಮಾದಂತೆ ಜೋಡಿಸಿದಳು. ಮಂಕು ಕೋಶಗಳು ಅಂಚು ಚಾಚಿ ತೆವಳಿದವು. ಹೊಳೆಯುವವು ಮಿಸುಕಲಿಲ್ಲ. ಸತ್ತ ಕೋಶದ ಪೊರೆ ಹರಿದ ಚೀಲವಿದ್ದಂತೆ. ಯಾವ ಬಣ್ಣ ಬಂದರೂ ಒಳಗೆ ಬಿಟ್ಟುಕೊಳ್ಳುತ್ತದೆ.

“ಹೊಳೀತಿರೋದೆಲ್ಲ ಹೆಣ ಕಣೋ,” ಎಂದಳು.

ತಮ್ಮ ವಾದಿಸಿದ, ಯಂತ್ರವನ್ನು ಬೈದ, ಕೊನೆಗೆ ದನಿ ತಗ್ಗಿಸಿದ. “ಮೊದಲನೇ ಚಿತ್ರ ಒಂದೇ ತೋರಿಸೋಣ ಅಕ್ಕ. ಫೋಟೋದಲ್ಲಿರೋರು ಉಸಿರಾಡ್ತಿದಾರಾ ಅಂತ ಯಾರಾದ್ರೂ ಕೇಳ್ತಾರಾ?”

“ಕೇಳಿದ್ರೆ?”

“ನಿನ್ನನ್ನಂತೂ ಕೇಳಲ್ಲ. ನೀನು ಗುಂಡಿ ಒತ್ತು, ಸಾಕು.”

ಸಭೆಯಲ್ಲಿ ಅವಳು ಹಿಂದಿನ ಸಾಲಿನಲ್ಲಿ ಕಂಪ್ಯೂಟರ್ ಮುಂದೆ ಕೂತಳು. ಪರದೆಯ ಮೇಲೆ ಚಿತ್ರ ಬಂತು. ಸದಸ್ಯರು ತಲೆದೂಗಿದರು, ಒಬ್ಬರು ಇಷ್ಟು ಚೆಂದದ ಚಿತ್ರ ನೋಡಿಯೇ ಇಲ್ಲವೆಂದರು. ಯಾರೂ ಏನೂ ಕೇಳಲಿಲ್ಲ. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು. ತಮ್ಮ ಹಿಂದೆ ತಿರುಗಿ ನೋಡಲಿಲ್ಲ. ಅವನ ಕಿವಿಗಳು ಕೆಂಪಾಗಿದ್ದವು. ಅವಳ ಬೆರಳು ಗುಂಡಿಯ ಮೇಲೆಯೇ ಇತ್ತು, ಒತ್ತಲಿಲ್ಲ.

“ಇದರ ಮುಂದಿನದು ಇದೆ,” ಎಂದಳು, ಎಲ್ಲರಿಗೂ ಕೇಳುವಂತೆ, ಆದರೆ ಅವನಿಗೇ. “ಹಾಕಲಾ?”

ತಲೆಗಳು ತಿರುಗಿದವು. ಅವನು ನೀರಿನ ಲೋಟ ಎತ್ತಿ, ಕುಡಿಯದೆ ಕೆಳಗಿಟ್ಟ.

“ಹಾಕು.”

ಮಂಕು ಕೋಶಗಳು ಪರದೆಯ ಮೇಲೆ ತೆವಳಿದವು. ಇವುಗಳಲ್ಲಿ ಬದುಕಿರುವುದು ಯಾವುದು ಎಂದು ಅಧ್ಯಕ್ಷರು ಕೇಳಿದರು.

“ಹೊಳೀದೇ ಇರೋವು,” ಎಂದ ತಮ್ಮ.

ಕೆಲಸ ಕಾಯಂ ಆಗಲಿಲ್ಲ. ಒಡಹುಟ್ಟಿದವನ ಅನ್ನಕ್ಕೆ ಕಲ್ಲು ಹಾಕಿದಳೆಂದು ಅಮ್ಮ ಮಗಳ ಜೊತೆ ಮಾತು ಬಿಟ್ಟರು. ತಮ್ಮ ಬಿಡಲಿಲ್ಲ. ನೌಕರಿಯ ಉಳಿದ ಅವಧಿಯುದ್ದಕ್ಕೂ ಬಣ್ಣವನ್ನು ತಿದ್ದುತ್ತ, ಶೀಶೆ ಹಿಡಿದು ನೆಲಮಾಳಿಗೆಗೆ ಇಳಿಯುತ್ತಿದ್ದ. ಪ್ರತಿ ಸಲವೂ ಕೋಶಗಳು ತೆವಳಿದವು, ಹೊಳೆಯಲಿಲ್ಲ. ಕೊನೆಯ ದಿನ ಬೀಗದ ಕೈ ಒಪ್ಪಿಸಿ, ಫ್ರಿಜ್ಜಿನಲ್ಲಿ ಇನ್ನೊಂದು ಶೀಶೆ ಇದೆ ಎಂದಷ್ಟೇ ಹೇಳಿ ಹೊರಟ. ಮರುದಿನ ಬೆಳಿಗ್ಗೆ ಅವಳು ಅದನ್ನೂ ಹಾಕಿ ನೋಡಿದಳು. ಅದೂ ಹೊಳೆಯಲಿಲ್ಲ. ಅವನಿಗೆ ಫೋನ್ ಮಾಡಿ ಹಾಗೆಂದೇ ತಿಳಿಸಿದಳು.